ಅಕ್ಕ ಹಲಗೆ ತಿರುಗಿಸಿದ ದಿನ

ನಾನು ಚಿಕ್ಕವಳಿದ್ದಾಗ, ಒಂದೇ ಒಂದು ದಿನ, ಜನ ಟಿಕೆಟ್ ತೆಗೆದುಕೊಂಡು ನನ್ನನ್ನು ನೋಡಲು ಬಂದಿದ್ದರು. ನೀವು ನಗುತ್ತೀರಿ ಅಂತ ಗೊತ್ತು, ಮಕ್ಕಳೇ. ನಾನೇನು ಸಿನಿಮಾದವಳಾಗಿರಲಿಲ್ಲ. ಏಳು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಆದರೂ ಮಾನಂದವಾಡಿ ಪೇಟೆಯ ಜನ ನನ್ನ ಮುಂದೆ ಸಾಲಾಗಿ ನಿಂತು, ಬಾಯಿ ತೆರೆದುಕೊಂಡು ನೋಡಿದರು. ಈ ಕಥೆಯನ್ನು ಹೇಳಲು ನನಗೆ ಬಹಳ ಕಾಲ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ.

ಆಗ ನಮ್ಮ ಹಾಡಿ ತಿರುನೆಲ್ಲಿಯ ರಸ್ತೆಯಿಂದ ಒಳಗೆ, ಕಾಡಿನ ಅಂಚಿನಲ್ಲಿತ್ತು. ಹನ್ನೊಂದು ಮನೆ. ಮನೆಯೊಳಗೆ ನಮ್ಮ ಕನ್ನಡ, ಮನೆಯ ಹೊರಗೆ ಮಲಯಾಳ. ಅಪ್ಪ ಜೇನು ಇಳಿಸುತ್ತಿದ್ದರು, ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುತ್ತಿದ್ದರು. ಅವರು ಹೆಣೆದ ಮೊರದಲ್ಲಿ ರಾಗಿ ಕೇರಿದರೆ ಒಂದು ಕಾಳೂ ಸಂದಿಯಿಂದ ಜಾರುತ್ತಿರಲಿಲ್ಲ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು, ರಜೆಗೆ ಮಾತ್ರ ಮನೆಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ.

ಅಂಥ ಒಂದು ರಜೆಯಲ್ಲಿ ಹಾಡಿಗೆ ಜೀಪು ಬಂತು. ಬಿಳಿ ಮುಂಡು ಉಟ್ಟ ಒಬ್ಬ ಮನುಷ್ಯ ಇಳಿದ. ಪೇಟೆಯಲ್ಲಿ ದೊಡ್ಡ ಪ್ರದರ್ಶನ ಹಾಕಿದ್ದೇವೆ, ನಾನೇ ಅದರ ಮೇಸ್ತ್ರಿ, ನಿನಗೂ ಒಂದು ಮಳಿಗೆ ಕೊಡುತ್ತೇವೆ, ಮೂರು ದಿನ ಬಂದು ಕೂತು ಬುಟ್ಟಿ ಹೆಣೆದು ತೋರಿಸು ಅಂದ. ಅಪ್ಪ ಕೇಳಿದ್ದು ಒಂದೇ ಮಾತು.

"ಬುಟ್ಟಿ ಮಾರಬಹುದಾ ಸಾರೇ?"

"ಎಲ್ಲಾ ಮಾಡಬಹುದು. ಮಕ್ಕಳನ್ನೂ ಕರ್ಕೊಂಡು ಬಾ" ಅಂದ ಮೇಸ್ತ್ರಿ.

ಅಪ್ಪ ಒಂದು ವಾರ ಬಿಡುವಿಲ್ಲದೆ ಹೆಣೆದರು. ಅವ್ವ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದಳು. ಅಪ್ಪ, ಅಕ್ಕ, ನಾನು, ನಮ್ಮ ಜೊತೆಗೆ ಬುಟ್ಟಿಗಳ ದೊಡ್ಡ ಕಟ್ಟು. ಬೆಳಗ್ಗೆಯೇ ಜೀಪು ಹತ್ತಿದೆವು.

ಮಾನಂದವಾಡಿಯನ್ನು ನಾನು ಮೊದಲು ನೋಡಿದ್ದು ಮೂಗಿನಿಂದ. ಬಸ್‌ಸ್ಟ್ಯಾಂಡಿನ ಡೀಸೆಲ್ ಹೊಗೆ, ಅದರ ಹಿಂದೆ ಕೊಬ್ಬರಿ ಎಣ್ಣೆಯಲ್ಲಿ ಬೇಯುವ ನೇಂದ್ರ ಬಾಳೆಯ ಚಿಪ್ಸು, ತಿರುವಿನಲ್ಲಿ ಮೀನು ಮಾರುಕಟ್ಟೆ, ಆಮೇಲೆ ಅಂಗಡಿಯ ಬಾಗಿಲಲ್ಲಿ ಒಣಗುತ್ತಿದ್ದ ಕಾಳುಮೆಣಸು. ಜೀಪುಗಳ ಹಾರನ್ನು, ಲಾಟರಿ ಮಾರುವವನ ಮೈಕು, ಕಂಡಕ್ಟರುಗಳ ಕೂಗು. ಮಾರುಕಟ್ಟೆಯ ಹಿಂದಿನ ಮೈದಾನದಲ್ಲಿ ಪ್ರದರ್ಶನ. ಕುಟ್ಟದ ಕಡೆಯಿಂದ, ಮೀನಂಗಡಿ ಅನ್ನುವ ಊರಿನ ಕಡೆಯಿಂದ, ಎಲ್ಲೆಲ್ಲಿಂದಲೋ ಬಸ್ಸು ತುಂಬ ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಮರದ ಹಲಗೆಯ ದೊಡ್ಡ ಬಾವಿಯೊಳಗೆ ಬೈಕು ಓಡಿಸುವವನಿದ್ದ. ಡೊಂಕು ಕನ್ನಡಿಗಳ ಕೋಣೆ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವು ಮಲಗಿತ್ತು. ಎಲ್ಲಕ್ಕಿಂತ ಎತ್ತರವಾಗಿ, ತೆಂಗಿನ ಮರವನ್ನೂ ಮೀರಿಸಿ, ಕೆಂಪು ಹಳದಿ ಬಣ್ಣದ ರಾಟೆ ತೊಟ್ಟಿಲು ನಿಂತಿತ್ತು. ನಾನು ಅದನ್ನೇ ನೋಡುತ್ತ ಎಡವಿ ಬಿದ್ದೆ.

ನಮ್ಮನ್ನು ಹಿಂದಿನ ಗೇಟಿನಿಂದ ಒಳಗೆ ಕರೆದುಕೊಂಡು ಹೋದರು. ಹೆಬ್ಬಾವಿನ ಪಕ್ಕದ ಮಳಿಗೆ ನಮ್ಮದು. ಮಳಿಗೆ ಅಂದೆನಲ್ಲ, ಅದು ಗುಡಿಸಲು. ಯಾರೋ ಪೇಟೆಯವರು ಕಟ್ಟಿದ್ದು. ತೆಂಗಿನ ಗರಿಯ ಮಾಡು ಒಂದು ಕಡೆಗೆ ವಾಲಿ, ಇವತ್ತೋ ನಾಳೆಯೋ ಬೀಳುವಂತಿತ್ತು. ಅಪ್ಪನಿಗೆ ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಬುಟ್ಟಿಯ ಕಟ್ಟಿಗೆ ಸುತ್ತಿದ್ದ ಬಳ್ಳಿ ಬಿಚ್ಚಿ, ಮೂಲೆಯ ಕಂಬಗಳಿಗೆ ಬಿಗಿದು, ಗುಡಿಸಲನ್ನು ನೆಟ್ಟಗೆ ನಿಲ್ಲಿಸಿದರು. ಮುಂದೆ ಸೊಂಟದೆತ್ತರಕ್ಕೆ ಬಿದಿರಿನ ಬೇಲಿ ಹಾಕಿದ್ದರು. ಬುಟ್ಟಿ ಕೊಳ್ಳುವವರು ಒಳಗೆ ಬರುವುದು ಹೇಗೆ ಅಂತ ಅಕ್ಕ ಕೇಳಿದಳು.

ಆಮೇಲೆ ಮೇಸ್ತ್ರಿ ಬಂದು ಅಪ್ಪನಿಗೆ ಅಂಗಿ ತೆಗೆಯಲು ಹೇಳಿದ. ಮೂವರಿಗೂ ಸೊಪ್ಪು ಪೋಣಿಸಿದ ಹಾರ, ಸೊಂಟಕ್ಕೆ ಸೊಪ್ಪಿನ ಪಟ್ಟಿ ಕೊಟ್ಟ. ನಮ್ಮ ಹಾಡಿಯಲ್ಲಿ ಯಾರೂ ಸೊಪ್ಪು ಉಟ್ಟದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಆ ಪೇಟೆಗೆಂದೇ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಅವರು ಸ್ವಲ್ಪ ಹೊತ್ತು ಅಂಗಿಯ ಗುಂಡಿ ಹಿಡಿದುಕೊಂಡು ನಿಂತರು. ಮಾತು ಕೊಟ್ಟು ಬಂದಿದ್ದೇವೆ ಅಂದುಕೊಂಡರೋ ಏನೋ, ಬಿಚ್ಚಿ ಮಡಚಿ ಬುಟ್ಟಿಯಲ್ಲಿಟ್ಟರು. ಅಕ್ಕ ತನ್ನ ಸ್ಕೂಲಿನ ನೀಲಿ ಲಂಗದ ಮೇಲೆ ಸೊಪ್ಪಿನ ಪಟ್ಟಿ ಕಟ್ಟಿ, ಮುಖ ಆ ಕಡೆ ತಿರುಗಿಸಿದಳು. ನಿಜ ಹೇಳುತ್ತೇನೆ, ನನಗೆ ಮಾತ್ರ ಖುಷಿಯಾಗಿತ್ತು. ವೇಷ ಹಾಕಿದ ಹಾಗೆ ಗಿರ್ರನೆ ಸುತ್ತಿದೆ.

ಜನ ಬಂದರು. ಬೇಲಿಗೆ ಒರಗಿ ನೋಡಿದರು, ಹೆಬ್ಬಾವನ್ನು ನೋಡಿದ ಹಾಗೆಯೇ. ಅಪ್ಪ ಒಂದು ಒಳ್ಳೆಯ ಮೊರ ಎತ್ತಿ ತೋರಿಸಿದರು. ಯಾರೂ ಮೊರ ನೋಡಲಿಲ್ಲ. ಮೇಸ್ತ್ರಿ ಬಂದು, ಬಿದಿರು ಉಜ್ಜಿ ಬೆಂಕಿ ಮಾಡು ಅಂದ. ಅಪ್ಪ ದಿನಾ ಒಲೆ ಹಚ್ಚುತ್ತಿದ್ದುದು ಬೆಂಕಿಕಡ್ಡಿಯಲ್ಲೇ. ಅವರ ಸೊಂಟದಲ್ಲಿ ಬೆಂಕಿಪೊಟ್ಟಣವೂ ಇತ್ತು. ಜನಕ್ಕೆ ಬೆನ್ನು ಹಾಕಿ ಕೂತು, ಒಂದಿಷ್ಟು ಬಿದಿರು ಉಜ್ಜಿದ ಹಾಗೆ ಮಾಡಿ, ಕಡ್ಡಿ ಗೀರಿಬಿಟ್ಟರು. ಹೊಗೆ ಎದ್ದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ನನ್ನನ್ನು ನೋಡಿ ಕಣ್ಣು ಮಿಟುಕಿಸಿ ನಕ್ಕರು. ಆ ಬೆಳಗ್ಗೆ ಅವರು ನಕ್ಕಿದ್ದು ಅದೊಂದೇ ಸಲ.

ಬಿಸಿಲು ಏರಿತು. ಊಟದ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕ ನೀರು ತರಲು ಕೊಡ ಹಿಡಿದು ಹಿಂದಿನಿಂದ ಹೋದಳು. ಆಗ ಬೇಲಿಯಾಚೆ ನನ್ನಷ್ಟೇ ವಯಸ್ಸಿನ ಒಂದು ಹುಡುಗಿ, ಗುಲಾಬಿ ಫ್ರಾಕಿನವಳು, ಕಾಗದದ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದಳು. ಒಂದನ್ನು ನನ್ನ ಕಡೆ ಎಸೆದಳು. ಅದು ಮಣ್ಣಿನಲ್ಲಿ ಬಿತ್ತು. ನನಗೆ ಹಸಿವಾಗಿತ್ತು. ಎತ್ತಿಕೊಂಡು ತಿಂದೆ. ಎಲ್ಲರೂ ಹೋ ಎಂದು ನಕ್ಕರು. ಅವಳು ಇನ್ನೊಂದು ಎಸೆದಳು, ಅದನ್ನೂ ತಿಂದೆ. ಜನ ನಗುತ್ತಿದ್ದಾರಲ್ಲ, ನಾನು ಏನೋ ಚೆನ್ನಾಗಿ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡೆ. ಮೂರನೆಯದಕ್ಕೆ ಬಗ್ಗಿದವಳು ತಲೆ ಎತ್ತಿದರೆ, ಜನರ ಹಿಂದೆ ಅಕ್ಕ ನೀರಿನ ಕೊಡ ಹಿಡಿದು ನಿಂತಿದ್ದಳು.

ಅವಳು ಸುತ್ತು ಬಳಸಿ ಮುಂದಿನ ದಾರಿಯಿಂದ ಬಂದಿದ್ದಳು. ಮಳಿಗೆಯ ಮುಂದೆ, ನಮಗೆ ಕಾಣದ ಹಾಗೆ, ಮಲಯಾಳದಲ್ಲಿ ಬರೆದ ಒಂದು ಹಲಗೆ ತೂಗುತ್ತಿತ್ತು. ಅದನ್ನು ಅವಳು ಓದಿದ್ದಳು. ಅಕ್ಕನ ಮುಖ ಹಾಗಾದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬೇಲಿ ದಾಟಿ ಬಂದು, ಕೊಡ ಇಳಿಸಿ, ನನ್ನ ಕೈಯಲ್ಲಿದ್ದ ಕಡಲೆಕಾಯಿಯನ್ನು ಮೆಲ್ಲಗೆ ತೆಗೆದು ಕೆಳಗೆ ಹಾಕಿದಳು.

"ಅಪ್ಪಾ, ಹೊರಗೆ ಏನು ಬರೆದವ್ರೆ ಗೊತ್ತಾ? ಬುಟ್ಟಿ ಅಂತ ಬರೆದಿಲ್ಲ. ಕಾಡುಮನುಷ್ಯರು, ಹತ್ತಿರ ಹೋಗಬೇಡಿ ಅಂತ ಬರೆದವ್ರೆ."

ಹೆಣೆಯುತ್ತಿದ್ದ ಅಪ್ಪನ ಕೈ ನಿಂತಿತು. "ಸರಿಯಾಗಿ ಓದಿದ್ಯಾ?"

"ಎರಡು ಸಲ ಓದಿದೆ."

ಅಪ್ಪ ನನ್ನ ಬಾಯಿಯ ಸುತ್ತ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಅಕ್ಕ ತನ್ನ ಸೊಪ್ಪಿನ ಹಾರ, ಪಟ್ಟಿ ಎರಡನ್ನೂ ಕಿತ್ತು ಬೆಂಕಿಗೆ ಹಾಕಿದಳು. ಹಸಿ ಸೊಪ್ಪು ಚಟಪಟ ಅಂದಿತು. ಆಮೇಲೆ ಬೆಂಕಿಯ ಪಕ್ಕದಿಂದ ಒಂದು ಇದ್ದಿಲು ಆರಿಸಿಕೊಂಡು, ಬೇಲಿಯ ಮೇಲೆ ಹತ್ತಿ, ಆ ಹಲಗೆಯನ್ನು ತಿರುಗಿಸಿ ಹಾಕಿದಳು. ಅದರ ಹಿಂಬದಿ ಖಾಲಿಯಿತ್ತು. ಹಾಸ್ಟೆಲ್ಲಿನಲ್ಲಿ ಕಲಿತ ಮಲಯಾಳದ ದುಂಡು ಅಕ್ಷರಗಳಲ್ಲಿ, ಒಂದಕ್ಕೂ ಅವಸರ ಮಾಡದೆ, ಬರೆದಳು. ಬೇಲಿಯಾಚೆ ನಿಂತಿದ್ದವರಲ್ಲಿ ಒಬ್ಬ ಗಟ್ಟಿಯಾಗಿ ಓದಿದ.

"ಇಲ್ಲಿ ಬುಟ್ಟಿ, ಮೊರ ಸಿಗುತ್ತದೆ. ನಾವೂ ನಿಮ್ಮನ್ನು ನೋಡುತ್ತಿದ್ದೇವೆ."

ಕೆಲವರು ನಕ್ಕರು. ಮೀಸೆಯವನೊಬ್ಬ, ಈ ಹುಡುಗಿಗೆ ಎಷ್ಟು ಕೊಬ್ಬು ನೋಡು ಅಂದ. ಗುಲಾಬಿ ಫ್ರಾಕಿನವಳ ಅಮ್ಮ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಅಕ್ಕ ಬೇಲಿಯ ಮೇಲಿಂದ ಇಳಿಯಲೇ ಇಲ್ಲ. ಅಲ್ಲೇ ಕೂತು, ಬಂದವರೊಬ್ಬೊಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದಳು. ನೋಡಿಸಿಕೊಂಡವರು ಸೆರಗು ಸರಿ ಮಾಡಿಕೊಂಡರು, ಮುಂಡು ಕೆಳಗಿಳಿಸಿಕೊಂಡರು, ಮುಂದೆ ಹೋದರು.

ಆಗ ಮೀನು ಮಾರುಕಟ್ಟೆಯ ಒಬ್ಬ ದಪ್ಪನೆಯ ಹೆಂಗಸು ಬಂದಳು. ಮೊಣಕೈವರೆಗೆ ಮೀನಿನ ಹುರುಪೆ ಅಂಟಿಕೊಂಡು ಮಿಂಚುತ್ತಿತ್ತು. ಹಲಗೆ ಓದಿದಳೋ ಇಲ್ಲವೋ, ಬುಟ್ಟಿಗೆ ಕೈ ಚಾಚಿ, "ಎತ್ರಯಾ?" ಅಂದಳು, ಎಷ್ಟು ಅಂತ. ಅಪ್ಪ ಬೆಲೆ ಹೇಳಿದರು. ಬುಟ್ಟಿ ತಿರುಗಿಸಿ ತಳ ಒತ್ತಿ ನೋಡಿ, ಇಷ್ಟು ಜಾಸ್ತಿಯಾ ಅಂದಳು. ಅಪ್ಪ, ನೀರು ಸೋರಿ ಮೀನು ಉಳಿಯೋ ಹಾಗೆ ಹೆಣೆದಿದ್ದೀನಿ, ಬೇಕಾದರೆ ತಗೋ ಅಂದರು. ಅವಳು ಬಿಡಲಿಲ್ಲ, ಇವರೂ ಬಿಡಲಿಲ್ಲ. ಬೆಳಗ್ಗೆಯಿಂದ ಎಷ್ಟೋ ಜನ ನಮ್ಮನ್ನು ನೋಡಿ ಹೋಗಿದ್ದರು. ನಮ್ಮ ಜೊತೆ ಚೌಕಾಸಿ ಮಾಡಿದವಳು ಅವಳೊಬ್ಬಳೇ. ಅಪ್ಪನ ಧ್ವನಿ ಅಪ್ಪನದೇ ಆಗಿ ಕೇಳಿದ್ದು ಆಗಲೇ.

ಅಷ್ಟರಲ್ಲಿ ಮೇಸ್ತ್ರಿ ಓಡಿ ಬಂದ. ಹಲಗೆ ನೋಡಿ ಮುಖ ಕೆಂಪಗಾಯಿತು. ಇದನ್ನು ಮುಟ್ಟಿದವರು ಯಾರು ಅಂತ ಕೂಗಿದ. "ನಾನು" ಅಂದಳು ಅಕ್ಕ, ಇಳಿಯದೆಯೇ. ಅವನು ಅವಳನ್ನು ಬಿಟ್ಟು ಅಪ್ಪನ ಮೇಲೆ ಬಂದ. ಮೂರು ದಿನ ಕೂರುತ್ತೇನೆ ಅಂತ ಮಾತು ಕೊಟ್ಟಿದ್ದೀಯಲ್ಲ ಅಂದ.

ಅಪ್ಪ ಬುಟ್ಟಿಯಿಂದ ಅಂಗಿ ತೆಗೆದು ಕೊಡವಿ ಹಾಕಿಕೊಂಡರು. ಒಂದೊಂದೇ ಗುಂಡಿ ಹಾಕುತ್ತ ಹೇಳಿದರು: "ಬುಟ್ಟಿ ಹೆಣೀತೀನಿ ಅಂತ ಮಾತು ಕೊಟ್ಟೆ ಸಾರೇ. ಬೋನಿನಲ್ಲಿ ಕೂರ್ತೀನಿ ಅಂತ ಕೊಡಲಿಲ್ಲ."

"ಹಾಗಾದರೆ ಹೊರಡು. ಜೀಪು ಸಿಗೋದಿಲ್ಲ. ನಿನ್ನ ಸಾಮಾನು ಮಾತ್ರ ತಗೊಂಡು ಹೋಗು, ನಮ್ಮದೊಂದು ಕಡ್ಡಿ ಮುಟ್ಟಬೇಡ."

ಮೀನಿನ ಹೆಂಗಸು ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ನನ್ನ ವ್ಯಾಪಾರ ಮುಗಿದಿಲ್ಲ, ನೀನು ಆಮೇಲೆ ಬಾ" ಅಂದಳು. ಒಂದಲ್ಲ, ನಾಲ್ಕು ಬುಟ್ಟಿ ತೆಗೆದುಕೊಂಡಳು.

ಅಪ್ಪ ಕೊಡದ ನೀರು ಸುರಿದು ಬೆಂಕಿ ಆರಿಸಿ, ಉಳಿದ ಬುಟ್ಟಿಗಳನ್ನು ಜೋಡಿಸಿದರು. ಕಟ್ಟಲು ಬಳ್ಳಿ ಬೇಕಲ್ಲ? ಸಾಮಾನು ಮಾತ್ರ ತಗೋ ಅಂತ ಅವನೇ ಹೇಳಿದ್ದ. ಅಪ್ಪ ಮೂಲೆಯ ಕಂಬಕ್ಕೆ ಹೋಗಿ ತಮ್ಮ ಬಳ್ಳಿಯನ್ನು ಬಿಚ್ಚಿದರು. ಇನ್ನೊಂದು ಕಂಬದ್ದನ್ನೂ ಬಿಚ್ಚಿದರು. ನಾವು ಏನೇನು ಒಯ್ಯುತ್ತೇವೆ ಅಂತ ನೋಡಲು ಮೇಸ್ತ್ರಿ ಮಾಡಿನಡಿಗೇ ಬಂದು ನಿಂತಿದ್ದ. ನಾವು ಬೇಲಿ ದಾಟಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಗರಿಗಳು ಸರಸರ ಅಂದವು. ತಿರುಗಿ ನೋಡಿದರೆ ಗುಡಿಸಲು ನಿಧಾನವಾಗಿ ಮಂಡಿಯೂರಿ ಕೂತುಬಿಟ್ಟಿತ್ತು. ಮೇಸ್ತ್ರಿಯ ಕೈ ಮಾತ್ರ ಗರಿಗಳ ನಡುವಿನಿಂದ ಮೇಲೆ ಕಾಣಿಸುತ್ತಿತ್ತು. ಅವನಿಗೆ ಏನೂ ಆಗಲಿಲ್ಲ, ಹೆದರಬೇಡಿ. ಬೈಗುಳ ಸ್ಪಷ್ಟವಾಗಿ ಕೇಳುತ್ತಿತ್ತು.

ನಾನು ಅಂದುಕೊಂಡೆ, ಇನ್ನು ಮನೆಗೆ ಓಡಬೇಕು ಅಂತ. ಅಕ್ಕ ಮಾತ್ರ ಗೇಟಿನ ಕಡೆ ಹೋಗಲಿಲ್ಲ.

"ನಮ್ಮನ್ನು ಎಲ್ಲರೂ ನೋಡಿದರು. ನಾವೇನೂ ನೋಡಲಿಲ್ಲ. ನೋಡಿಕೊಂಡೇ ಹೋಗೋಣ" ಅಂದಳು.

ಮೊದಲು ಹೊಟ್ಟೆ ತುಂಬ ದೋಸೆ ತಿಂದೆವು. ಆಮೇಲೆ ಡೊಂಕು ಕನ್ನಡಿಯ ಮುಂದೆ ನಿಂತೆವು. ಅಪ್ಪ ಕುಂಬಳಕಾಯಿಯ ಹಾಗೆ ಕಂಡರು, ಅಕ್ಕ ಬಿದಿರಿನ ಹಾಗೆ. ರಾಟೆ ತೊಟ್ಟಿಲಿನವನು ನನ್ನ ಕೊರಳಲ್ಲಿ ಇನ್ನೂ ಉಳಿದಿದ್ದ ಸೊಪ್ಪಿನ ಹಾರ ನೋಡಿ, ನೀವು ಮಳಿಗೆಯವರಲ್ಲವಾ, ಹಾಗೇ ಹತ್ತಿ ಅಂದ. ಅಕ್ಕ ಆ ಹಾರವನ್ನು ತೆಗೆದುಹಾಕಿ, ದುಡ್ಡು ಕೊಟ್ಟು ಮೂರು ಟಿಕೆಟ್ ತೆಗೆದುಕೊಂಡಳು. ಜೇನಿಗಾಗಿ ಆಕಾಶದೆತ್ತರದ ಮರ ಹತ್ತುವ ನಮ್ಮಪ್ಪ ತೊಟ್ಟಿಲು ಮೇಲೇರಿದ ಕೂಡಲೇ ಕಣ್ಣು ಮುಚ್ಚಿ ಕಂಬಿ ಹಿಡಿದುಕೊಂಡರು. ನಾನು ಕಣ್ಣು ಬಿಟ್ಟೇ ಇದ್ದೆ. ಕೆಳಗೆ ಬಸ್‌ಸ್ಟ್ಯಾಂಡು, ಮಾರುಕಟ್ಟೆಯ ತಗಡಿನ ಮಾಡು, ಬಿಸಿಲಲ್ಲಿ ಹೊಳೆಯುವ ಹೊಳೆ. ದೂರದಲ್ಲಿ ನಮ್ಮ ಕಡೆಯ ಬೆಟ್ಟ ನೀಲಿಯಾಗಿ ಕಂಡಿತು. ಅಕ್ಕ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು, ಇಡೀ ಪೇಟೆಗೆ ಕೇಳುವ ಹಾಗೆ ನಮ್ಮ ಮಾತಿನಲ್ಲಿ ಕೂಗಿದಳು. ಏನು ಕೂಗಿದಳು ಅಂತ ನಿಮ್ಮ ವಯಸ್ಸಿನವರಿಗೆ ಹೇಳಲಾಗದು.

ಸಂಜೆಯ ಬಸ್ಸಿನಲ್ಲಿ ನಾವು ಮನೆ ಸೇರಿದೆವು. ಮಾರನೆಯ ದಿನ ಆ ಗುಡಿಸಲನ್ನು ಮತ್ತೆ ಎಬ್ಬಿಸಿದರಂತೆ. ಮೇಸ್ತ್ರಿ ಜನರನ್ನು ಹುಡುಕಿಕೊಂಡು ಹಾಡಿ ಹಾಡಿ ಸುತ್ತಿದನಂತೆ. ಯಾವುದೋ ಹಾಡಿಯಿಂದ ಯಾರೋ ಹೋಗಿ ಕೂತರು ಅಂತಲೂ ಕೇಳಿದೆ. ಅವರನ್ನು ನಾನು ಬೈಯುವುದಿಲ್ಲ, ಅವರ ಮನೆಯಲ್ಲಿ ಓದಿ ಹೇಳುವ ಅಕ್ಕ ಇದ್ದಿರಲಾರಳು. ನಮ್ಮ ಹಾಡಿಯಿಂದ ಮಾತ್ರ ಮುಂದೆ ಯಾವತ್ತೂ ಯಾರೂ ಹೋಗಲಿಲ್ಲ. ಮುಂದಿನ ವರ್ಷ ಶಾಲೆ ತೆರೆದಾಗ ಅಪ್ಪ ನನ್ನನ್ನೂ ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದರು. ಅವ್ವ ಇಷ್ಟು ಚಿಕ್ಕವಳನ್ನು ಹಾಸ್ಟೆಲ್ಲಿಗೆ ಬಿಡುವುದಾ ಅಂತ ಅತ್ತಳು. ಅಪ್ಪ ಕೇಳಲಿಲ್ಲ.

ಈಗ ನಿಮ್ಮ ಕಾಲ. ನಮ್ಮ ಮನೆಯ ಮುಂದೆಯೇ ಟಾರು ರಸ್ತೆ ಬಂದಿದೆ. ಭಾನುವಾರ ಬಂತೆಂದರೆ ತಿರುನೆಲ್ಲಿಯ ಕಡೆಗೆ ಕಾರುಗಳ ಸಾಲು. ಟಿಕೆಟ್ ಇಲ್ಲ, ಬೇಲಿ ಇಲ್ಲ, ಕಿಟಕಿಯಿಂದ ಫೋನು ಹೊರಗೆ ಚಾಚಿದರೆ ಸಾಕು. ನಿಮಗೆ ಓದು ಬರುತ್ತದೆ, ನಾಲ್ಕು ಜನರ ಮುಂದೆ ಮಾತಾಡಲು ಬರುತ್ತದೆ, ಫೋನು ನಿಮ್ಮ ಕೈಯಲ್ಲೂ ಇದೆ. ಆದರೂ ನೋಡುವವರ ಕಣ್ಣು ಪೂರ್ತಿ ಬದಲಾಗಿದೆ ಅಂತ ನಾನು ಸುಳ್ಳು ಹೇಳುವುದಿಲ್ಲ.

ಹೋದ ಭಾನುವಾರ ನೀವಿಬ್ಬರೂ ಅಂಗಳದಲ್ಲಿ ಶಟಲ್ ಆಡುತ್ತಿದ್ದಿರಿ. ಬಿಳಿ ಕಾರೊಂದು ನಿಂತಿತು. ಒಬ್ಬಾಕೆ ಇಳಿದು, ಹಲೋ ಅನ್ನದೆ, ಫೋನು ಎತ್ತಿ ನಿಮ್ಮ ಕಡೆ ಹಿಡಿದಳು. ನಾನು ಜಗಲಿಯಿಂದ ಏಳುವಷ್ಟರಲ್ಲಿ ನಮ್ಮ ದೊಡ್ಡವಳು ಬ್ಯಾಟು ಕೆಳಗಿಳಿಸಿ "ಬೇಡ" ಅಂದಳು. ಆಕೆಗೆ ತಿಳಿಯಲಿಲ್ಲ. ಇವಳು ಮಲಯಾಳದಲ್ಲಿ "ವೇಂಡಾ" ಅಂದಳು. ಆಗಲೂ ಫೋನು ಇಳಿಯಲಿಲ್ಲ. "ನೋ" ಅಂದಳು. ಕೂಗಲಿಲ್ಲ, ನಗಲೂ ಇಲ್ಲ. ಆಕೆ ಫೋನು ಇಳಿಸಿ, ಸಾರಿ ಅಂದು, ಕಾರು ಹತ್ತಿದಳು. ಧೂಳು ಅಡಗುವ ಮೊದಲೇ ಚಿಕ್ಕವನು "ಯಾರ ಸರ್ವಿಸ್ಸು?" ಅಂತ ಕೇಳಿದ. ನೀವು ಮತ್ತೆ ಆಡತೊಡಗಿದಿರಿ.