ಮಡಚಿದ ಚಾರ್ಟು, ಕರಗಿದ ಪರ್ವತ

ನಾನು ಚಿಕ್ಕವನಿದ್ದಾಗ, ಅಂದರೆ ಫ್ರೀಜರಿನ ಬಾಗಿಲಿಗೆ ಕೈ ಎಟುಕಬೇಕಾದರೆ ಸ್ಟೂಲ್ ಹತ್ತಬೇಕಿದ್ದ ವಯಸ್ಸಿನಲ್ಲಿ, ನಮ್ಮ ಮನೆ ದುಬೈಯ ಅಲ್ ನಹ್ದಾದಲ್ಲಿತ್ತು. ಎರಡು ಸಾವಿರದ ಹತ್ತು ದಾಟಿದ ಮೇಲಿನ ವರ್ಷಗಳು ಅವು. ಅಪ್ಪ ಹಣ್ಣಿನ ಸಗಟು ವ್ಯಾಪಾರಿ. ಮನೆಗೆ ಬಂದಾಗ ಅವರ ಅಂಗಿಗೆ ಮಾವಿನಹಣ್ಣಿನ ಮತ್ತು ಒದ್ದೆ ರಟ್ಟಿನ ವಾಸನೆ ಇರುತ್ತಿತ್ತು.

ಆ ವರ್ಷ ಶಾಲೆಯಲ್ಲಿ ಲೋಕದ ಊರುಗಳ ಪ್ರದರ್ಶನವಿತ್ತು. ಚೀಟಿ ಎತ್ತಿದಾಗ ಪಕ್ಕದವನಿಗೆ ಪ್ಯಾರಿಸ್ ಬಂತು, ನನಗೆ ಮೆಂಡೋಝಾ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿರುವ ಒಂದು ಪ್ರಾಂತ್ಯ ಅದು, ಅದರ ಮುಖ್ಯ ಪೇಟೆಗೂ ಅದೇ ಹೆಸರು. ನಾನು ಮುಖ ಊದಿಸಿಕೊಂಡು ಕೂತೆ.

"ಎಂತ ಮಾರಾಯ, ಮಾಲು ನೋಡುವ ಮೊದಲೇ ಅಳುವುದಾ?" ಅಂದರು ಅಪ್ಪ. "ಅದರಲ್ಲಿ ಎಂತ ಚಂದ ಉಂಟು ಅಂತ ನೀನು ನೋಡು. ಆಮೇಲೆ ಗಿರಾಕಿಗೆ ತೋರಿಸು."

ನೋಡಿದೆ. ಮೆಂಡೋಝಾ ನಮ್ಮ ದುಬೈಯ ಹಾಗೇ ಒಣ ನೆಲ, ಮಳೆ ಅಪರೂಪ. ಆದರೆ ಅದರ ಪಶ್ಚಿಮಕ್ಕೆ ಹಿಮ ಹೊದ್ದ ಆಂಡಿಸ್ ಪರ್ವತಗಳು. ಆ ಹಿಮ ಕರಗಿದ ನೀರನ್ನು ಜನ ಕಾಲುವೆ ತೋಡಿ ದ್ರಾಕ್ಷಿ ತೋಟಗಳಿಗೆ ತಂದಿದ್ದರು. ಪೇಟೆಯ ಬೀದಿಬದಿಯ ಮರಗಳಿಗೂ ಅದೇ ನೀರು. ಪ್ರಾಂತ್ಯಕ್ಕೆ ಒಬ್ಬ ಗವರ್ನರ್, ಕೆಳಗೆ ನಮ್ಮ ತಾಲೂಕುಗಳ ಹಾಗಿನ ವಿಭಾಗಗಳು. ಆದರೆ ರೈತನಿಗೆ ಬೇಕಾದ ಮನುಷ್ಯ ಬೇರೆಯವನು: ಸರದಿಯ ಪ್ರಕಾರ ಪ್ರತಿ ತೋಟಕ್ಕೂ ಕಾಲುವೆಯ ಬಾಗಿಲು ತೆಗೆದು ಮುಚ್ಚುವವನು.

ಅಕ್ಕ ಆಗಲೇ ದೊಡ್ಡ ಕ್ಲಾಸಿನಲ್ಲಿದ್ದಳು, ಚಿತ್ರದಲ್ಲಿ ಜಾಣೆ. ಚಾರ್ಟಿನ ಮೇಲರ್ಧದಲ್ಲಿ ಪರ್ವತ, ಕಾಲುವೆ, ಬಳ್ಳಿ, ಕಾರ್ಖಾನೆಯ ಬಾಗಿಲಿಗೆ ಬಂದ ದ್ರಾಕ್ಷಿ ಗಾಡಿ ಬರೆದಳು. ಕೆಳಗರ್ಧದಲ್ಲಿ ವೈನ್ ತಯಾರಿ: ಕಪ್ಪು ದ್ರಾಕ್ಷಿಯನ್ನು ಜಜ್ಜುವುದು, ಸಿಪ್ಪೆಯ ಜೊತೆಗೇ ರಸ ಹುಳಿತು ಕೆಂಪಾಗುವುದು, ತಂಪು ನೆಲಮಾಳಿಗೆಯಲ್ಲಿ ಮರದ ಪೀಪಾಯಿಗಳು, ಕೊನೆಗೆ ಸಾಲಾಗಿ ಬಾಟಲಿಗಳು. ಬಾಟಲಿಯ ಮೇಲಿನ ಬೆಳಕಿನ ಗೆರೆಯನ್ನೂ ಬಿಟ್ಟಿರಲಿಲ್ಲ.

ಪ್ರದರ್ಶನದ ಬೆಳಗ್ಗೆ ಶಾಲೆಯ ಅಂಗಳದಲ್ಲಿ ನನಗೆ ಕೊಟ್ಟ ಟೇಬಲ್ಲಿನ ಮೇಲೆ ಟ್ರೇ ಇಟ್ಟೆ. ಕಟ್ಟಡದ ಹಿಂದಿನ ಖಾಲಿ ಜಾಗದ ಮರಳು, ಅಡುಗೆಮನೆಯ ಫಾಯಿಲ್ ಕಾಗದದ ಕಾಲುವೆ, ರಟ್ಟಿನ ಬಾಗಿಲುಗಳು, ಬಳ್ಳಿಗೆ ಅಮ್ಮನ ಕೊತ್ತಂಬರಿ ಸೊಪ್ಪು. ತುದಿಯಲ್ಲಿ ಐಸಿನ ರಾಶಿ. ಅದೇ ನನ್ನ ಆಂಡಿಸ್. ಅಕ್ಕ ಚಾರ್ಟು ಬಿಚ್ಚಿದಳು.

ಟೀಚರ್ ಬಂದು ನೋಡಿ ಹಣೆಗೆ ಕೈ ಇಟ್ಟರು. "ಅಯ್ಯೋ, ಬಾಟಲಿ! ಇದನ್ನು ಶಾಲೆಯಲ್ಲಿ ನೇತು ಹಾಕ್ಲಿಕ್ಕುಂಟಾ? ಅತಿಥಿಗಳು ಬರ್ತಿದ್ದಾರೆ. ತೆಗೀರಿ, ಖಲಾಸ್. ಚಾರ್ಟಿಲ್ಲದಿದ್ರೆ ಟೇಬಲ್ ಇಲ್ಲ."

"ಹರಿದು ಬಿಡು," ಅಂದಳು ಅಕ್ಕ.

ಅಪ್ಪ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವುದನ್ನು ನಾನು ನೋಡಿದ್ದೆ. ಬಿಡಬಹುದಾದದ್ದನ್ನು ತಾವೇ ಮೊದಲು ಬಿಟ್ಟುಕೊಡುತ್ತಿದ್ದರು. ಆಮೇಲೆ ಎದುರಿನವರಿಗೆ ಇಲ್ಲ ಅನ್ನುವುದು ಕಷ್ಟ. ಮಕ್ಕಳೇ, ಇದನ್ನು ಕಲಿತಿಟ್ಟುಕೊಳ್ಳಿ, ನಾನು ಜೀವನವಿಡೀ ಇದರಲ್ಲೇ ಉಂಡಿದ್ದೇನೆ. "ಬಾಟಲಿ ಬೇಡ ಟೀಚರ್, ಪೀಪಾಯಿಯೂ ಬೇಡ," ಅಂದೆ. "ದ್ರಾಕ್ಷಿ ಇರ್ಲಿ, ನೀರು ಇರ್ಲಿ." ಹಾಗಂದು ಚಾರ್ಟನ್ನು ನಡುವಿಗೆ ಸರಿಯಾಗಿ ಹಿಂದಕ್ಕೆ ಮಡಚಿ ಕ್ಲಿಪ್ ಹಾಕಿದೆ. ಗಾಡಿಯಲ್ಲಿ ಬಂದ ದ್ರಾಕ್ಷಿ ಕಾರ್ಖಾನೆಯ ಬಾಗಿಲಲ್ಲಿ ನಿಂತಿತು.

"ಇದರ ನಂತರ ಎಂತ ಅಂತ ಯಾರಾದ್ರೂ ಕೇಳಿದ್ರೆ?"

"ಬಾಗಿಲು ಹಾಕಿದೆ ಟೀಚರ್."

ಅವರು ನಗು ತಡೆಯಲು ತುಟಿ ಕಚ್ಚಿಕೊಂಡರು. ಟೇಬಲ್ ಉಳಿಯಿತು.

ಬಿಸಿಲು ಏರಿ ಆಂಡಿಸ್ ಕರಗತೊಡಗಿತು. ಅತಿಥಿಗಳಲ್ಲಿ ಅಲ್ ಐನ್ ಕಡೆಯ ಒಬ್ಬ ಅರಬ್ ಅಜ್ಜ ಇದ್ದರು, ಕಂದೂರ ಎಂಬ ಬಿಳಿ ನಿಲುವಂಗಿ, ಊದಿನ ಪರಿಮಳ. ಭಾರತದ ಜೊತೆ ವ್ಯಾಪಾರ ಜೋರಿದ್ದ ಹಳೇ ಕಾಲದವರಾದ್ದರಿಂದ ಹಿಂದಿ ಸರಾಗವಾಗಿ ಬರುತ್ತಿತ್ತು. "ಅರೇ ಬೇಟಾ, ಇದು ನಮ್ಮ ಫಲಜ್!" ಅಂದರು. ಬೆಟ್ಟದ ಬುಡದಿಂದ ಖರ್ಜೂರದ ತೋಟಕ್ಕೆ ನೀರು ತರುವ ಕಾಲುವೆಗೆ ಅಲ್ಲಿ ಹಾಗೆ ಹೇಳುತ್ತಾರೆ. ಅಲ್ಲೂ ನೀರಿಗೆ ಸರದಿಯಂತೆ. ತೋಳು ಮೇಲೆ ಸರಿಸಿ ಅವರೇ ರಟ್ಟಿನ ಬಾಗಿಲು ಎತ್ತಿ ನೀರು ಹಂಚಲು ನಿಂತರು. ನಂತರ ಚಾರ್ಟು ನೋಡಿ ಕೇಳಿದರು, "ಇಷ್ಟು ದ್ರಾಕ್ಷಿ ಏನು ಮಾಡುತ್ತಾರೆ?"

ಟೀಚರ್ ಉಸಿರು ಹಿಡಿದರು. ಅಕ್ಕ ನನ್ನ ಅಂಗಿ ಜಗ್ಗಿದಳು.

"ಸ್ವಲ್ಪ ತಿನ್ನುತ್ತಾರೆ, ಸ್ವಲ್ಪ ಒಣಗಿಸುತ್ತಾರೆ, ಉಳಿದದ್ದನ್ನು ಹಿಂಡುತ್ತಾರೆ," ಅಂದೆ.

ಅಜ್ಜ ಮಡಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಮಗೆ ಒಣಗಿಸಿದ್ದು ಸಾಕು," ಎಂದು ಗಟ್ಟಿಯಾಗಿ ನಕ್ಕು, ಅಕ್ಕನ ಕಡೆ ತಿರುಗಿ, "ಪರ್ವತ ಬರೆದ ಕೈ ಒಳ್ಳೆಯದು," ಅಂದರು. ಅಷ್ಟರಲ್ಲಿ ನೀರು ಟ್ರೇ ದಾಟಿ ಟೀಚರರ ಚಪ್ಪಲಿ ಒದ್ದೆಯಾಯಿತು.

ಆ ಚಾರ್ಟು ಇನ್ನೂ ಅಕ್ಕನ ಹತ್ತಿರ ಇದೆ, ನಡುವಿನ ಮಡಿಕೆಯ ಸಮೇತ. ನಿಮಗೀಗ ಮೆಂಡೋಝಾ ಬೇಕೆಂದರೆ ಮನೆಯ ಗೋಡೆಯೇ ಪರದೆ, ಅದರ ತುಂಬ ಪರ್ವತ ಬಂದು ನಿಲ್ಲುತ್ತದೆ, ಬಾಗಿಲು ಹಾಕದೆ ನೆಲಮಾಳಿಗೆಯನ್ನೂ ತೋರಿಸುತ್ತದೆ. ಚಂದವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಯಾರ ಚಪ್ಪಲಿಯೂ ಒದ್ದೆಯಾಗುವುದಿಲ್ಲವಲ್ಲ! ಬನ್ನಿ, ಒಂದು ಚೌಕಾಸಿ ಮಾಡೋಣ: ಆ ಗೋಡೆಯನ್ನು ಅರ್ಧ ಗಂಟೆ ಆರಿಸಿ, ಮರಳು ತನ್ನಿ. ಐಸ್ ನನ್ನದು.