ಗಂಟಲಲ್ಲ, ಗಂಟು

ವೈದ್ಯೆ ಒಳಗೆ ಹೇಳಿದ್ದು "ಬೇಸಲ್ ಗ್ಯಾಂಗ್ಲಿಯಾ" ಅಂತ. ಅರೆತೆರೆದ ಬಾಗಿಲ ಹೊರಗೆ, ಅರ್ಧ ಕಿವಿ ಅಲ್ಲಿ, ಎರಡು ಕಣ್ಣೂ ಫೋನಿನಲ್ಲಿ ಇಟ್ಟುಕೊಂಡು ನಿಂತಿದ್ದ ನನಗೆ ಕೇಳಿಸಿದ್ದು "ಬರೀ ಗಂಟಲು" ಅಂತ. ಹೋದ ಜೀವ ಬಂದಂತಾಯಿತು. ನನ್ನ ಸೋದರಮಾವನ ದನಿ ವರ್ಷದಿಂದ ಸಣ್ಣಗಾಗುತ್ತಲೇ ಇತ್ತು. ಗಂಟಲಲ್ಲದೆ ಇನ್ನೇನು? ಮನೆಗೆ ಬಂದವನೇ ಉಪ್ಪುನೀರು ಕಾಯಿಸಿ ಕೊಟ್ಟೆ. ಮಾವ ಎದುರಾಡದೆ ಮೂರು ದಿನ ಮುಕ್ಕಳಿಸಿದ. ನಾಲ್ಕನೇ ದಿನ ಲೋಟ ಕೆಳಗಿಟ್ಟ.

"ಲೋ, ತೊಂದರೆ ಇರೋದು ಗಂಟಲಲ್ಲಲ್ಲ, ತಲೇಲಿ."

"ನನ್ನ ತಲೇಲಾ?"

"ಅದು ಹಳೇ ವಿಷಯ. ಈಗ ನನ್ನ ತಲೇಲೂ ಅಂತೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ಯಲ್ಲ."

ಮಾವ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರ್. ಮೂವತ್ತೊಂದು ವರ್ಷ ಅದೇ ಮೇಜು, ಅದೇ ಕತ್ತರಿ. ಮನುಷ್ಯನನ್ನು ನೋಡಿದ ಕೂಡಲೇ ಭುಜದ ಅಳತೆ ಹೇಳಿಬಿಡುತ್ತಿದ್ದ. ನನ್ನನ್ನು ಕೆಲಸಕ್ಕೆ ಸೇರಿಸಿದ ದಿನ ಎಲ್ಲರೆದುರೇ, "ಎದೆ ಮೂವತ್ತನಾಲ್ಕು, ಧೈರ್ಯ ಹದಿನೆಂಟು" ಅಂದಿದ್ದ. ನನ್ನದು ಗುಂಡಿ ವಿಭಾಗ. ಗುಂಡಿ ಗಟ್ಟಿಯಾಗಿ ಕೂತರೆ ಯಾರೂ ಕೇಳುವುದಿಲ್ಲ, ಬಿದ್ದರೆ ಎಲ್ಲರೂ ಕೇಳುತ್ತಾರೆ.

ಎರಡನೇ ಭೇಟಿಗೆ ನಾನೂ ಒಳಗೆ ಹೋಗಿ ಕೂತೆ. ವೈದ್ಯೆ ಕಾಗದದ ಮೇಲೆ ಚಿತ್ರ ಬರೆದರು. ಮೆದುಳಿನ ಆಳದಲ್ಲಿ ನರಕೋಶಗಳ ಕೆಲವು ಗಂಟುಗಳಿವೆ. ಒಂದಕ್ಕೆ ಬಾಲ, ಇನ್ನೊಂದು ಚಿಪ್ಪಿನ ಹಾಗೆ. ಎದ್ದೇಳು, ನಡೆ ಎಂಬ ಅಪ್ಪಣೆ ಮೇಲಿನ ಪದರದಿಂದ ಹೊರಡುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಬಾಗಿಲು ಕಾಯುವುದು ಈ ಗಂಟುಗಳ ಕೆಲಸ. ಅವಕ್ಕೆ ಡೋಪಮಿನ್ ಎಂಬ ರಸ ಬೇಕು. ಅದನ್ನು ಕಳಿಸುವುದು ಕೆಳಗಿರುವ ಒಂದು ಕಪ್ಪು ಪಟ್ಟಿ. ಮಾವನಿಗೆ ಬಂದಿರುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಅಲ್ಲಿಯ ಕೋಶಗಳು ಸಾಯುತ್ತವೆ, ಪಟ್ಟಿಯ ಕಪ್ಪು ಮಾಸುತ್ತದೆ.

"ಬಣ್ಣ ಬಿಟ್ಟಿದೆ ಅನ್ನಿ," ಎಂದ ಮಾವ.

ಇದೇ ಗಂಟುಗಳು ಬೇರೆ ಥರ ಕೆಟ್ಟರೆ ಕೈಕಾಲು ತಾವಾಗಿಯೇ ಕುಣಿಯುವ ಕಾಯಿಲೆಯೂ ಉಂಟಂತೆ.

"ನೋಡು, ಅಲ್ಲೂ ನನ್ನ ಪಾಲಿಗೆ ಕುಣಿತ ಬರ್ಲಿಲ್ಲ."

ವೈದ್ಯೆ ನಕ್ಕರು. ಮಾವನ ಮುಖ ಮಾತ್ರ ಇಸ್ತ್ರಿ ಮಾಡಿಟ್ಟ ಹಾಗೇ ಇತ್ತು. ನಗುವಿಗೂ ಆ ಗಂಟುಗಳ ಒಪ್ಪಿಗೆ ಬೇಕು. ಕಾರ್ಖಾನೆಯಲ್ಲಿ ಎಲ್ಲರೂ "ಮಾಸ್ಟರಿಗೆ ಈಚೆಗೆ ಸೊಕ್ಕು, ಜೋಕು ಹೇಳಿದ್ರೂ ನಗಲ್ಲ" ಎನ್ನುತ್ತಿದ್ದರು. ಪಾಪ, ಒಳಗೆ ಕೂತು ನಗುತ್ತಿದ್ದ ಮನುಷ್ಯ ಅವರಿಗೆ ಕಾಣುತ್ತಿರಲಿಲ್ಲ.

ಸುಮ್ಮನಿದ್ದರೆ ಬಲಗೈ ನಡುಗುತ್ತಿತ್ತು, ಜೇಬಿಗೆ ತುರುಕುತ್ತಿದ್ದ. ಕತ್ತರಿ ಹಿಡಿದರೆ ಅದೇ ಕೈ ನಿಶ್ಚಲ. ಮಾತ್ರೆ ನುಂಗಿದ ಮೇಲೆ ಮೂರು ಗಂಟೆ ಸಲೀಸು, ಆಮೇಲೆ ಮತ್ತೆ ಬೀಗ. ನಿಜವಾದ ಶತ್ರು ಬಾಗಿಲು. ಬಯಲಲ್ಲಿ ಹೇಗೋ ನಡೆಯುತ್ತಿದ್ದವನು ಬಾಗಿಲ ಚೌಕಟ್ಟು ಕಂಡೊಡನೆ ನಿಂತುಬಿಡುತ್ತಿದ್ದ. ನೆಲ ಅಂಗಾಲನ್ನು ಹಿಡಿದಿಟ್ಟುಕೊಂಡ ಹಾಗೆ. "ಹೋಗು ಅಂತ ಹೇಳ್ತಾನೇ ಇದೀನಿ ಕಣೋ, ಯಾರೂ ಎತ್ಕೊಳ್ತಿಲ್ಲ," ಎನ್ನುತ್ತಿದ್ದ, ಯಾವುದೋ ಕಚೇರಿಗೆ ಫೋನ್ ಮಾಡಿದವನ ಹಾಗೆ.

ಬಿಡುಗಡೆಯ ದಾರಿ ಸಿಕ್ಕಿದ್ದು ನನ್ನ ಅಶಿಸ್ತಿನಿಂದ. ಒಂದು ಬೆಳಿಗ್ಗೆ ನಾವಿಬ್ಬರೂ ಇರುವ ಕೋಣೆಯ ಹೊಸ್ತಿಲ ಬಳಿ ಅಳತೆ ಟೇಪು ಬೀಳಿಸಿ ಹಾಗೇ ಬಿಟ್ಟಿದ್ದೆ. ಟೇಪು ತುಳಿದ ಹುಡುಗರನ್ನು ಮೂವತ್ತೊಂದು ವರ್ಷ ಬೈದವನು ಮಾವ. ಹತ್ತು ನಿಮಿಷದಿಂದ ಕಂಬವಾಗಿದ್ದವನ ಕಾಲು ತಾನೇ ಎದ್ದು ಟೇಪನ್ನು ದಾಟಿತು! ಅಡ್ಡಕ್ಕೆ ಗೆರೆಯೊಂದು ಕಂಡರೆ ಮೆದುಳು ಕೆಟ್ಟ ಬಾಗಿಲನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ ಎಂದು ವೈದ್ಯೆ ಆಮೇಲೆ ಹೇಳಿದರು.

ಅಂದಿನಿಂದ ನಾನು ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋಗಿ, ಮೆಟ್ಟಿಲಿಂದ ಮೇಜಿನವರೆಗೆ, ಮೇಜಿನಿಂದ ಉಗ್ರಾಣದವರೆಗೆ, ಹೆಜ್ಜೆಗೊಂದರಂತೆ ಸೀಮೆಸುಣ್ಣದ ಗೆರೆ ಎಳೆಯತೊಡಗಿದೆ. ಕಾರ್ಖಾನೆಯ ಯಜಮಾನಿಗೆ ವಿಷಯ ಗೊತ್ತಾದರೆ ಮಾವನ ಕೆಲಸ ಹೋದಂತೆಯೇ. ಕಾಯಿಲೆಯವರ ಕೈಗೆ ಕತ್ತರಿ ಯಾರು ಕೊಡುತ್ತಾರೆ? ಮೇಜು ಬಿಟ್ಟರೆ ಅವನಿಗೆ ಉಳಿಯುವುದು ನಮ್ಮ ಒಂದೇ ಕೋಣೆ, ಅದಕ್ಕೂ ಒಂದು ಬಾಗಿಲು. ತಿಂಗಳಿಗೊಮ್ಮೆ ಬರುವ ಯಜಮಾನಿ ಹೋದ ಸಲವೇ "ಇದೇನು ಗೆರೆ?" ಎಂದಿದ್ದರು. "ಮೇಜು ಸರಿಸೋಕೆ ಗುರುತು ಮೇಡಂ" ಎಂದಿದ್ದೆ.

ಈ ಸಲ ಅವರು ಬರುವ ಸುದ್ದಿ ಸಿಕ್ಕಿದ್ದೇ ತಡ, ನನ್ನ ಬುದ್ಧಿ ಚುರುಕಾಯಿತು. ಹಾಗಾದಾಗಲೆಲ್ಲ ಏನಾದರೊಂದು ಕೆಡುತ್ತದೆ. ಗೆರೆ ಇದ್ದರಲ್ಲವೇ ಪ್ರಶ್ನೆ? ಒದ್ದೆ ಬಟ್ಟೆ ಹಿಡಿದು ನೆಲವನ್ನೆಲ್ಲ ಫಳಫಳ ಒರೆಸಿದೆ. ಮಾವ ಬಟ್ಟೆಯ ಸುರುಳಿ ತರಲು ಉಗ್ರಾಣದೊಳಗೆ ಹೋಗಿದ್ದಾನೆ ಎಂಬುದು ಒರೆಸಿ ಮುಗಿಸಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಯಜಮಾನಿ ಮೇಜಿನ ಬಳಿ ನಿಂತಾಗಿತ್ತು.

"ಮಾಸ್ಟರ್, ಹೊಸ ಅಂಗಿಯ ತೋಳು ಒಂದು ಕತ್ತರಿಸಿ ತೋರ್ಸಿ."

ಮಾವ ಉಗ್ರಾಣದ ಬಾಗಿಲಿಗೆ ಬಂದ. ನೆಲ ನೋಡಿದ. ನಿಂತ. ತೋಳಲ್ಲಿ ನೀಲಿ ಬಟ್ಟೆಯ ಸುರುಳಿ, ಹಿಮ್ಮಡಿ ಮಾತ್ರ ಸಣ್ಣಗೆ ಅದುರುತ್ತಿತ್ತು.

"ಬನ್ನಿ ಮಾಸ್ಟರ್."

ಒಂದೊಂದಾಗಿ ಹೊಲಿಗೆ ಯಂತ್ರಗಳು ನಿಂತವು. ಮಾವನ ಕಣ್ಣು ನನ್ನನ್ನು ಹುಡುಕಿತು. ಆ ಮುಖದಲ್ಲಿ ಓಡಾಡುತ್ತಿದ್ದುದು ಅದೊಂದೇ.

"ಏನಾಯ್ತು ಇವರಿಗೆ?" ಎಂದರು ಯಜಮಾನಿ.

"ಗಂಟಲು ಮೇಡಂ," ಎಂದುಬಿಟ್ಟೆ.

"ಗಂಟಲಲ್ಲಿ ನಡೀತಾರಾ?"

ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಮೇಜಿನ ಮೇಲಿನ ಸೀಮೆಸುಣ್ಣ ಕಿತ್ತುಕೊಂಡು ಮಾವನ ಕಾಲ ಬಳಿ ಮಂಡಿಯೂರಿ ಗೆರೆ ಎಳೆದೆ. ನೆಲ ಒದ್ದೆ, ಕೈ ನಡುಗುತ್ತಿತ್ತು, ಈ ಸಲ ನನ್ನದು.

ಮೇಲಿನಿಂದ ಸಣ್ಣ ದನಿ ಬಂತು. "ಇದು ಗೆರೆನೋ, ಎರೆಹುಳುನೋ? ನೆಟ್ಟಗೆ ಎಳಿಯೋ."

ಸ್ಕೇಲು ಇಟ್ಟು ಎಳೆದೆ. ಅವನ ಕಾಲು ಎದ್ದಿತು. ಒಂದು ಗೆರೆ, ಇನ್ನೊಂದು ಗೆರೆ. ನಾನು ಹಿಂದಕ್ಕೆ ತೆವಳುತ್ತ ಎಳೆಯುವುದು, ಅವನು ದಾಟುವುದು. ಹನ್ನೊಂದು ಗೆರೆಗೆ ಮೇಜು ಬಂತು. ಮಾವ ಬಟ್ಟೆ ಹಾಸಿ, ಕತ್ತರಿ ಎತ್ತಿ, ತೋಳಿನ ಇಡೀ ಬಾಗು ಒಂದೇ ಓಟದಲ್ಲಿ ಕತ್ತರಿಸಿದ. ಅಂಚಿನಲ್ಲಿ ಒಂದು ನೂಲೂ ಎದ್ದಿರಲಿಲ್ಲ.

ಯಜಮಾನಿ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನೆಲದ ಹನ್ನೊಂದು ಗೆರೆ ನೋಡಿದರು. ಕತ್ತರಿ ಕೆಳಗಿಟ್ಟ ಮಾವನ ಕೈ ಮೇಜಿನ ಮೇಲೆ ಮತ್ತೆ ನಡುಗಲು ಶುರುವಾಗಿತ್ತು. ಈ ಸಲ ಅವನು ಅದನ್ನು ಜೇಬಿಗೆ ಹಾಕಲಿಲ್ಲ.

"ನಿಜ ಹೇಳಿ ಮಾಸ್ಟರ್," ಎಂದರು. "ನನ್ನ ಜಾಗದಲ್ಲಿ ನೀವಿದ್ದಿದ್ರೆ, ಹೀಗಿರೋ ಒಬ್ಬರನ್ನ ಕೆಲಸಕ್ಕೆ ಇಟ್ಕೋತಿದ್ರಾ?"

"ಇಲ್ಲ," ಎಂದ ಮಾವ. "ಅದಕ್ಕೇ ಹೇಳಿರ್ಲಿಲ್ಲ."