ಭಾನುವಾರದ ನೀರು

ಕೆರೆಗಾಗಿ ಹಾಡು ಮಾಡಿದ ನಮ್ಮ ರಾಕ್ ಬ್ಯಾಂಡಿಗೆ ಅಭ್ಯಾಸದ ಜಾಗ ಅಂತ ಇದ್ದದ್ದು ಪೀಣ್ಯದಲ್ಲಿ ನನ್ನ ಸೋದರಮಾವನ ಪ್ಲೇಟಿಂಗ್ ಶೆಡ್ಡು. ಬೋಲ್ಟು, ಬ್ರಾಕೆಟ್ಟುಗಳನ್ನು ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ಹೊಳಪು ಕೊಡುವ ಜಾಗ. ಒಂಬತ್ತು ವರ್ಷದಿಂದ ಅಲ್ಲಿ ಮಾಲು ಪರೀಕ್ಷೆ ಮಾಡುವವಳು ನಾನೇ. ಬ್ಯಾಂಡಿನಲ್ಲಿ ಹಾಡುವವಳೂ ನಾನೇ. ವಾರವೆಲ್ಲ ಗದ್ದಲ, ಭಾನುವಾರ ಮೋಟಾರು ಬಂದ್. ಹಾಗಾಗಿ ಭಾನುವಾರವೇ ರೆಕಾರ್ಡ್ ಮಾಡಿದೆವು. ಹಾಡಿನಿಂದ ಬಂದದ್ದೆಲ್ಲ ಕೆರೆ ಉಳಿಸಲು ಓಡಾಡುವವರಿಗೆ ಅಂತ ಮೊದಲೇ ತೀರ್ಮಾನವಾಗಿತ್ತು.

ಎಂಥ ಪೆದ್ದರು ನೋಡಿ ನಾವು! ತೊಟ್ಟಿ ತೊಳೆದ ನೀರನ್ನು ಹಿಂದಿನ ಮೋರಿಗೆ ಬಿಡುವುದೂ ಭಾನುವಾರವೇ. ಅವತ್ತು ಯಾವ ಅಧಿಕಾರಿಯೂ ಬರುವುದಿಲ್ಲವಲ್ಲ. ಮೋರಿ ನೇರ ಹೋಗುವುದು ಕೂಗಳತೆಯಲ್ಲಿರುವ ಅದೇ ಕೆರೆಗೆ. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೇಳಿ ಕೇಳಿ ಕಿವಿ ಆ ನೀರಿನ ಸದ್ದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಗಿಟಾರಿನವನು ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳುವಾಗ ಅದು ಸಿಕ್ಕಿಬಿತ್ತು. ಎರಡನೇ ಚರಣ ಮುಗಿದು ಎಲ್ಲ ವಾದ್ಯವೂ ಸುಮ್ಮನಾಗುವ ಕಡೆ ದಬದಬ ನೀರು ಸುರಿಯುವ ಸದ್ದು. ಅಳಿಸುವುದು ಎರಡು ನಿಮಿಷದ ಕೆಲಸ ಅಂದ. ನನ್ನ ಮೇಲೇ ನನಗೆ ಮೈಯೆಲ್ಲ ಉರಿಯಿತು. ಕೆರೆ ಸಾಯುತ್ತಿದೆ ಅಂತ ಗಂಟಲು ಹರಿದುಕೊಂಡು ಹಾಡುತ್ತಿದ್ದವಳ ಬೆನ್ನ ಹಿಂದೆಯೇ ಆ ನೀರು ಹೋಗುತ್ತಿತ್ತು. ಮುಟ್ಟಬೇಡ, ಇರಲಿ ಬಿಡು ಅಂದೆ.

ಕದ್ದುಮುಚ್ಚಿ ಮಾಡುವುದು ನನ್ನ ಜಾಯಮಾನವಲ್ಲ. ಬಿಡುಗಡೆಗೆ ಮುಂಚೆ ಮಾವನಿಗೇ ಕೇಳಿಸಿದೆ. ತಾಳಕ್ಕೆ ಆಡುತ್ತಿದ್ದ ಅವರ ತಲೆ ಆ ಜಾಗ ಬಂದಾಗ ನಿಂತುಬಿಟ್ಟಿತು.

"ನಮ್ ತೊಟ್ಟಿ ನೀರಲ್ವೇನವ್ವ ಅದು?"

"ಹೂಂ ಮಾವ, ನಮ್ದೇ."

"ತೆಗ್ಸಾಕು. ಇಲ್ದಿದ್ರೆ ನಾಳೆಯಿಂದ ಶೆಡ್ ಕಡೆ ಕಾಲಿಡ್ಬೇಡ."

ನನ್ನ ಓದು, ಊಟ, ಹಾಡಿಗೆಂದು ಕೊಂಡ ಮೈಕು, ಎಲ್ಲ ಆ ತೊಟ್ಟಿಯಿಂದಲೇ ಬಂದದ್ದು. ಆದರೂ ಶೆಡ್ಡಿನ ಬೀಗದ ಕೈ ಅವರ ಮೇಜಿನ ಮೇಲಿಟ್ಟು ಹೊರಟೆ.

ಹಾಡು ಹೊರಬಂತು. ನಡುವೆ ಬರುವ ತೊರೆಯ ಸದ್ದು ಸಕ್ಕತ್ತಾಗಿದೆ ಅಂತ ಕೇಳಿದವರೆಲ್ಲ ಬರೆದರು. ಮಾವನಿಗೆ ಹೋದ ಜೀವ ಬಂದಂತಾಗಿರಬೇಕು. ಫೋನ್ ಮಾಡಿ, ಆಯ್ತು ಬಾ, ಯಾರಿಗೂ ಗೊತ್ತಾಗಿಲ್ಲ, ಸುಮ್ಮನಿದ್ದುಬಿಡು ಅಂದರು. ಸುಮ್ಮನಿರುವುದಕ್ಕೇ ಆದರೆ ಹಾಡಬೇಕಿತ್ತೇ? ಅವತ್ತೇ ಹಾಡಿನ ಕೆಳಗೆ ಬರೆದೆ: ಇದು ತೊರೆಯಲ್ಲ, ನಮ್ಮ ಮನೆಯವರ ಶೆಡ್ಡಿನ ತೊಟ್ಟಿ ನೀರು, ಕೆರೆಗೆ ಹೋಗುತ್ತಿದೆ, ಒಂಬತ್ತು ವರ್ಷ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಮಾವ ಈಗ ನನ್ನ ಜೊತೆ ಮಾತಾಡುವುದಿಲ್ಲ. ನಮ್ಮ ಅಭ್ಯಾಸವೆಲ್ಲ ಕೆರೆ ಏರಿಯ ಮೇಲೆ, ಆ ಮೋರಿ ಬಂದು ಸೇರುವ ಕಡೆ, ಪ್ರತಿ ಭಾನುವಾರ. ಎರಡನೇ ಚರಣ ಮುಗಿದಾಗ ಎಲ್ಲರೂ ವಾದ್ಯದಿಂದ ಕೈ ತೆಗೆಯುತ್ತಾರೆ. ನೀರು ಇನ್ನೂ ಬರುತ್ತಲೇ ಇದೆ. ಸ್ಪೀಕರ್ ಶೆಡ್ಡಿನ ಕಡೆಗೆ ತಿರುಗಿಸಿಟ್ಟು, ನಾನು ಮೈಕನ್ನು ಮೋರಿಯ ಬಾಯಿಗೆ ಹಿಡಿಯುತ್ತೇನೆ.